ಡ್ರಮ್ ಸೀಳಿ ಒಲೆ ಮಾಡೋದು: ಒಂದು ವರ್ಕ್‌ಶಾಪ್ ಪಾಠ

ಒಂದು ದೊಡ್ಡ ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಎರಡು ತೊಟ್ಟಿ ಸಿಗುತ್ತವೆ. ಒಂದರಲ್ಲಿ ಕೆಂಡ ಹಾಕಿ, ಇನ್ನೊಂದಕ್ಕೆ ಕೀಲು ಕೂರಿಸಿ ಮುಚ್ಚಳ ಮಾಡಿದರೆ ಬಾರ್ಬೆಕ್ಯೂ ಒಲೆ ರೆಡಿ. ಕೇಳೋಕೆ ಇಷ್ಟೇ. ಆದರೆ ಯಾವ ಡ್ರಮ್, ಯಾವ ಕ್ರಮದಲ್ಲಿ ಕಟ್ ಮಾಡಬೇಕು, ತೂತು ಎಷ್ಟು, ಎಲ್ಲಿ, ಯಾಕೆ ಅಂತ ಕೇಳಿಕೊಂಡು ಹೋದರೆ ಫಸ್ಟ್ ಇಯರ್ ಮೆಕ್ಯಾನಿಕ್ಸ್, ಕೆಮಿಸ್ಟ್ರಿ, ಈಗ ಓದ್ತಿರೋ ಥರ್ಮೋಡೈನಮಿಕ್ಸ್ ಎಲ್ಲವೂ ಇದೇ ಡ್ರಮ್ಮಿನೊಳಗೆ ಕೂತಿವೆ. ನಾವು ಐದು ಜನ, ನಾಲ್ವರು ಮೆಕ್ಯಾನಿಕಲ್, ಒಬ್ಬಳು ಎಲೆಕ್ಟ್ರಾನಿಕ್ಸ್, ಈ ಸೆಮಿಸ್ಟರಿನಲ್ಲಿ ಇಂಥದೊಂದು ಒಲೆ ಮಾಡಿದೆವು. ಮಾಡೋದು ಹೇಗೆ ಅಂತ ಇಲ್ಲಿ ಬರೀತಾ ಇದ್ದೀವಿ. ಮುಂದಿನ ಬ್ಯಾಚಿನವರು ಮಾಡೋದಾದ್ರೆ ಇದನ್ನ ಪೂರ್ತಿ ಓದಿ, ಆಮೇಲೆ ಗುಜರಿ ಅಂಗಡಿಗೆ ಹೋಗಿ. ಡ್ರಮ್ ಆರಿಸೋ ಹೊತ್ತಿಗೇ ಅರ್ಧ ಅಪಾಯ ತಪ್ಪುತ್ತೆ ಅಥವಾ ಅಂಟಿಕೊಳ್ಳುತ್ತೆ.

ಡ್ರಮ್ಮಿನ ಬಗ್ಗೆ ಎರಡು ಮಾತು. ಈ ಆಕಾರದ ಸ್ಟೀಲ್ ಡ್ರಮ್ಮಿಗೆ 1905ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ಹೆನ್ರಿ ವೇರ್‌ಹಾನ್ ಎಂಬುವರ ಹೆಸರಿಗೆ. ಅವರು ಕೆಲಸ ಮಾಡ್ತಿದ್ದ ಕಂಪನಿಯನ್ನು ನಡೆಸುತ್ತಿದ್ದವಳು ನೆಲ್ಲಿ ಬ್ಲೈ, ಅಂದರೆ 72 ದಿನದಲ್ಲಿ ಭೂಮಿ ಸುತ್ತಿ ಬಂದ ಅದೇ ಪತ್ರಕರ್ತೆ. ಆಮೇಲೆ ಈ ಡ್ರಮ್ ಪ್ರಪಂಚ ಪೂರ್ತಿ ಹೋಯ್ತು. ಎಣ್ಣೆ ಖಾಲಿಯಾದ ಮೇಲೆ ಜನ ಸುಮ್ಮನೆ ಬಿಡಲಿಲ್ಲ. ಟ್ರಿನಿಡಾಡಿನವರು ಅದರ ತಳವನ್ನು ಬಡಿದು ಬಡಿದು ಸ್ಟೀಲ್‌ಪ್ಯಾನ್ ಎಂಬ ವಾದ್ಯ ಮಾಡಿದರು. ಜಮೈಕಾದವರು ಉದ್ದಕ್ಕೆ ಸೀಳಿ, ರಸ್ತೆ ಬದಿಯಲ್ಲಿ ಜರ್ಕ್ ಚಿಕನ್ ಸುಡೋ ಒಲೆ ಮಾಡಿಕೊಂಡರು. ಇವತ್ತು ಅಂಗಡಿಯಲ್ಲಿ ಸಿಗೋ ದುಂಡನೆ ವೆಬರ್ ಗ್ರಿಲ್ ಕೂಡ 1952ರಲ್ಲಿ ಜಾರ್ಜ್ ಸ್ಟೀಫನ್ ನೀರಿನ ಮೇಲೆ ತೇಲೋ ಬೋಯೆಯ ಲೋಹದ ಗೋಳವನ್ನು ಕತ್ತರಿಸಿ ಮಾಡಿದ್ದರಿಂದ ಶುರುವಾದದ್ದು. ನಮ್ಮೂರಲ್ಲಿ ಇದೇ ಡ್ರಮ್ಮು ರೋಡ್ ಕೆಲಸದ ಟಾರ್ ಕಾಯಿಸೋಕೆ, ಮನೆ ಕಟ್ಟೋ ಕಡೆ ನೀರು ತುಂಬೋಕೆ ಬಳಕೆಯಾಗುತ್ತೆ. ನಮಗೆ ಬೇಕಾಗಿದ್ದು ಜಮೈಕಾದವರ ದಾರಿ.

ಅಣ್ಣ, ಇದ್ರಲ್ಲಿ ಏನಿತ್ತು?

ಗುಜರಿಯಲ್ಲಿ ನಾವು ಕೇಳಿದ ಮೊದಲ ಪ್ರಶ್ನೆ ಇದು. ಸಿಕ್ಕ ಉತ್ತರ: “ಏನೋ ಎಣ್ಣೆ ಕಣ್ರಪ್ಪ, ತೊಳ್ಕೊಂಡ್ರೆ ಆಯ್ತು, ಏನೂ ಆಗಲ್ಲ.” ಈ “ಏನೋ” ಅನ್ನೋ ಪದ ಕೇಳಿದ ಕೂಡಲೇ ಆ ಡ್ರಮ್ಮನ್ನು ಬಿಟ್ಟುಬಿಡಿ. ಎಷ್ಟೇ ಅಗ್ಗ ಇರಲಿ. ಕೀಟನಾಶಕ, ಥಿನ್ನರ್, ರೆಸಿನ್, ಆಸಿಡ್ ತುಂಬಿದ್ದ ಡ್ರಮ್ಮನ್ನು ಸುಟ್ಟರೂ ತೊಳೆದರೂ ಅಡುಗೆಗೆ ನಂಬೋ ಹಾಗಿಲ್ಲ. ಅದಕ್ಕಿಂತ ಮೊದಲೇ, ಕಟ್ ಮಾಡೋವಾಗಲೇ ಅದು ಕೈ ಕಾಲು ಕಿತ್ತುಕೊಳ್ಳಬಹುದು.

ಅದು ಹೇಗೆ ಅಂತ ಲೆಕ್ಕ ಹಾಕಿ ನೋಡೋಣ. ಪೆಟ್ರೋಲ್ ಆವಿ ಗಾಳಿಯಲ್ಲಿ ಶೇಕಡಾ 1.4ರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ಡ್ರಮ್ಮಿನ ಒಳಗಿನ ಜಾಗ ಸುಮಾರು 210 ಲೀಟರ್. ಅದರ ಶೇಕಡಾ 1.4 ಅಂದರೆ ಮೂರು ಲೀಟರಿಗೆ ಸ್ವಲ್ಪ ಕಡಿಮೆ ಆವಿ. ಕೋಣೆಯ ಉಷ್ಣಾಂಶದಲ್ಲಿ ಒಂದು ಮೋಲ್ ಅನಿಲಕ್ಕೆ 24.5 ಲೀಟರ್, ಹಾಗಾಗಿ ಇದು 0.12 ಮೋಲ್. ಪೆಟ್ರೋಲಿನ ಮೋಲಾರ್ ತೂಕ ಸುಮಾರು 100 ಹಿಡಿದರೆ 12 ಗ್ರಾಂ. ದ್ರವದ ಲೆಕ್ಕದಲ್ಲಿ 16 ಮಿಲಿಲೀಟರ್, ಮೂರು ಟೀ ಚಮಚ. 210 ಲೀಟರಿನ ಡ್ರಮ್ಮಿನ ತಳದ ಅಂಚಿನ ಮಡಿಕೆಯಲ್ಲಿ ಮೂರು ಚಮಚ ಉಳಿದಿದ್ದರೆ ಯಾರ ಕಣ್ಣಿಗೂ ಕಾಣಲ್ಲ. ತಲೆಕೆಳಗು ಮಾಡಿದರೂ ಬೀಳಲ್ಲ. “ಖಾಲಿ” ಅಂತ ನಾವು ಕರೆಯೋ ಡ್ರಮ್ಮು ಹೀಗೆ ಒಂದು ಬಾಂಬ್ ಆಗುತ್ತೆ, ಗ್ರೈಂಡರ್ ಕಿಡಿಯೇ ಅದರ ಬತ್ತಿ. ಡೀಸೆಲ್ಲು, ಎಂಜಿನ್ ಆಯಿಲ್ ಆದ್ರೆ ಪರವಾಗಿಲ್ವಾ ಅಂತ ನಮ್ಮಲ್ಲೇ ಒಬ್ಬ ಕೇಳಿದ. ಪರವಾಗಿದೆ! ಕಟ್ ಮಾಡೋ ಜಾಗದ ಬಿಸಿಗೆ ಗಟ್ಟಿ ಎಣ್ಣೆಯೂ ಒಡೆದು ಆವಿಯಾಗುತ್ತೆ. ಮುಚ್ಚಿದ ಡ್ರಮ್ಮಿನೊಳಗೆ ಅದೂ ಅಷ್ಟೇ ಅಪಾಯ.

ಆದ್ದರಿಂದ ನಮ್ಮ ನಿಯಮ ಎರಡೇ. ಒಂದು, ತಿನ್ನೋ ಪದಾರ್ಥ ಬಂದ ಡ್ರಮ್ ಮಾತ್ರ. ಎರಡು, ಮೇಲಿನ ಮುಚ್ಚಳ ಪೂರ್ತಿ ತೆಗೆಯೋಕೆ ಬರುವಂಥದ್ದು ಮಾತ್ರ. ಡ್ರಮ್ಮಿನಲ್ಲಿ ಎರಡು ಜಾತಿ ಇದೆ. ಮೇಲೂ ಕೆಳಗೂ ತಗಡು ಮಡಿಚಿ ಮುಚ್ಚಿ, ಎರಡು ಸಣ್ಣ ಬಿರಡೆ ತೂತು ಮಾತ್ರ ಇರೋದು ಒಂದು. ಉಂಗುರದಂಥ ಕ್ಲ್ಯಾಂಪ್ ಬಿಚ್ಚಿದರೆ ಮುಚ್ಚಳ ಹಾಗೇ ಕೈಗೆ ಬರೋದು ಇನ್ನೊಂದು. ಡ್ರಮ್ಮಿನ ಮೇಲೆ ಯುಎನ್ ಗುರುತು ಅಚ್ಚೊತ್ತಿದ್ದರೆ 1ಎ1 ಅಂದ್ರೆ ಮೊದಲನೇ ಜಾತಿ, 1ಎ2 ಅಂದ್ರೆ ಎರಡನೇದು. ಆದರೆ ಆ ಗುರುತು ಡ್ರಮ್ಮಿನ ವಿಧ ಹೇಳುತ್ತೆ, ಒಳಗೆ ಏನಿತ್ತು ಅನ್ನೋದನ್ನಲ್ಲ. ಒಳಗಿದ್ದದ್ದಕ್ಕೆ ಲೇಬಲ್ ನೋಡಬೇಕು. ಲೇಬಲ್ ಕಿತ್ತು ಹೋಗಿದ್ದರೆ, ಅಥವಾ ಡೈಮಂಡ್ ಆಕಾರದ ಅಪಾಯದ ಸ್ಟಿಕ್ಕರ್ ಅಂಟಿದ ಗುರುತು ಇದ್ದರೆ, ಬೇಡ.

ನಮಗೆ ಸರಿಹೋಗಿದ್ದು ಮಾವಿನ ಹಣ್ಣಿನ ಪಲ್ಪ್ ಬಂದ ಡ್ರಮ್. ಚಿತ್ತೂರು, ಕೃಷ್ಣಗಿರಿ ಕಡೆ ಪಲ್ಪ್ ಕಾರ್ಖಾನೆಗಳು ಜಾಸ್ತಿ, ಎರಡೂ ನಮ್ಮ ಗಡಿಗೆ ಹತ್ತಿರ. ಪಲ್ಪನ್ನು ದೊಡ್ಡ ಅಸೆಪ್ಟಿಕ್ ಚೀಲದಲ್ಲಿ ತುಂಬಿ, ಆ ಚೀಲವನ್ನು ಡ್ರಮ್ಮಿನೊಳಗೆ ಇಟ್ಟು ಸಾಗಿಸ್ತಾರೆ. ಪಲ್ಪು ತಗಡಿಗೆ ತಾಕೋದೇ ಇಲ್ಲ. ಜ್ಯೂಸ್, ಐಸ್‌ಕ್ರೀಮ್ ಮಾಡೋ ಕಡೆಯಿಂದ ಇವು ಗುಜರಿಗೆ ಬರುತ್ತವೆ. ನಮ್ಮದು ಸಾವಿರ ರೂಪಾಯಿ ಒಳಗೆ ಸಿಕ್ತು, ಲೇಬಲ್ ಸಮೇತ.

ಇನ್ನೊಂದು ಪರೀಕ್ಷೆ: ಡ್ರಮ್ಮಿನ ಮೈ ಬೆಳ್ಳಿ ಬಣ್ಣದಲ್ಲಿ, ಹರಳು ಹರಳಾದ ಚಿತ್ತಾರದಂತೆ ಹೊಳೀತಿದ್ದರೆ ಅದಕ್ಕೆ ಸತುವಿನ ಲೇಪ ಇದೆ, ಅಂದರೆ ಗ್ಯಾಲ್ವನೈಸ್ ಮಾಡಿದ್ದಾರೆ. ಅದು ಬೇಡ. ಸತು 420 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತೆ, 907ಕ್ಕೆ ಕುದಿಯುತ್ತೆ. ಚೆನ್ನಾಗಿ ಗಾಳಿ ಬೀಸಿದ ಕೆಂಡ ಆ ಮಟ್ಟ ಮುಟ್ಟಬಹುದು, ವೆಲ್ಡಿಂಗ್ ಅಂತೂ ಸುಲಭವಾಗಿ ದಾಟುತ್ತೆ. ಆಗ ಏಳೋ ಬಿಳಿ ಹೊಗೆ ಸತುವಿನ ಆಕ್ಸೈಡ್. ಅದನ್ನ ಉಸಿರಾಡಿದರೆ ಕೆಲವು ಗಂಟೆ ಬಿಟ್ಟು ಚಳಿ ಜ್ವರ, ಮೈಕೈ ನೋವು ಬರುತ್ತೆ. ವೆಲ್ಡರ್‌ಗಳಿಗೆ ಇದು ಚೆನ್ನಾಗಿ ಗೊತ್ತಿರೋ ಕಾಯಿಲೆ. ಡ್ರಮ್ ಸರಿ ಇದ್ದರೂ ಹಾರ್ಡ್‌ವೇರ್ ಅಂಗಡಿಯ ಕೋಳಿಗೂಡಿನ ಜಾಲರಿ, ಹೊಳೆಯೋ ನಟ್ಟು ಬೋಲ್ಟು, ಜಿಐ ಪೈಪು ಇವೆಲ್ಲ ಅದೇ ಲೇಪದವು ಅನ್ನೋದು ನೆನಪಿರಲಿ. ಕೆಂಡದ ಹತ್ತಿರಕ್ಕೆ ಬರೋ ಯಾವ ಭಾಗಕ್ಕೂ ಅವು ಬೇಡ. ಕಪ್ಪು ಎಂಎಸ್, ಇಲ್ಲಾ ಸ್ಟೇನ್‌ಲೆಸ್.

ಸುಡೋದು, ಪಳಗಿಸೋದು

ಕಟ್ ಮಾಡೋ ಮುಂಚೆ ಡ್ರಮ್ಮನ್ನು ಸುಡಬೇಕು. ಮುಚ್ಚಳ ತೆಗೆದು, ಅದರ ರಬ್ಬರ್ ಗ್ಯಾಸ್ಕೆಟ್ ಕಿತ್ತು ಹಾಕಿ. ಸೋಪಿನ ಬಿಸಿ ನೀರಲ್ಲಿ ತೊಳೆದು ಒಣಗಿಸಿ. ಒಳಗೆ ಬಂಗಾರದ ಬಣ್ಣದ ಅಥವಾ ಕೆಂಗಂದು ಲೇಪ ಇದ್ದರೆ ಅದು ಎಪಾಕ್ಸಿ ಅಥವಾ ಫಿನಾಲಿಕ್ ಪ್ಲಾಸ್ಟಿಕ್ಕು. ಸುಟ್ಟಾಗ ಅದರ ಹೊಗೆ ಕೆಟ್ಟದ್ದು. ಒಳಲೇಪ ಇಲ್ಲದ ಡ್ರಮ್ ಸಿಕ್ಕರೆ ಈ ತಲೆನೋವಿಲ್ಲ. ಹೊರಗಿನ ಪೇಂಟ್ ಮಾತ್ರ ಇದ್ದೇ ಇರುತ್ತೆ. ಹಳೇ ಪೇಂಟಲ್ಲಿ ಸೀಸ ಇರಬಹುದು ಅಂತ ನಾವು ಅದನ್ನ ಸುಡದೆ, ಸ್ಯಾಂಡ್ ಬ್ಲಾಸ್ಟಿಂಗ್ ಮಾಡೋ ಕಡೆ ಕೊಟ್ಟು ತೆಗೆಸಿದೆವು. ವೈರ್ ಬ್ರಷ್ ಹಾಕಿ ಕೈಯಾರೆ ಉಜ್ಜೋದಾದ್ರೆ ಮಾಸ್ಕ್ ಬೇಕೇ ಬೇಕು, ಅದೂ ಬಟ್ಟೆ ಮಾಸ್ಕಲ್ಲ, ಧೂಳಿನ ಫಿಲ್ಟರ್ ಇರೋದು.

ಆಮೇಲೆ ಬಯಲಲ್ಲಿ ಒಣ ಸೌದೆ ಹಾಕಿ ಎರಡು ಗಂಟೆ ಚೆನ್ನಾಗಿ ಉರಿಸೋದು. ಗಾಳಿ ಬರೋ ದಿಕ್ಕಿನ ಕಡೆ ನಿಲ್ಲಿ, ಹೊಗೆ ಹೋಗೋ ಕಡೆ ಅಲ್ಲ. ಇದನ್ನ ಹಾಸ್ಟೆಲ್ ಕಿಟಕಿಗಳ ಕೆಳಗೆ ಮಾಡಬೇಡಿ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೀವಿ. ಆರಿದ ಮೇಲೆ ಒಳಗೆಲ್ಲ ತಿಕ್ಕಿ ತೊಳೆದು ಒಣಗಿಸಿ.

ಇನ್ನು ಪಳಗಿಸೋದು. ಮನೆಯಲ್ಲಿ ಅಜ್ಜಿ ಹೊಸ ದೋಸೆ ಕಾವಲಿಗೆ ಎಣ್ಣೆ ಸವರಿ ಕಾಯಿಸಿ, ಮತ್ತೆ ಸವರಿ ಮತ್ತೆ ಕಾಯಿಸಿ ಪಳಗಿಸ್ತಾರಲ್ಲ, ಅದೇ ಕೆಲಸ ಇಲ್ಲೂ. ಎಣ್ಣೆಯ ಅಣುಗಳು ಬಿಸಿಗೆ, ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರ ಆಗ್ತವೆ. ಕೆಮಿಸ್ಟ್ರಿಯಲ್ಲಿ ಪಾಲಿಮರೈಸೇಶನ್ ಅಂತ ಓದಿದ್ದು ಇದನ್ನೇ. ಅಜ್ಜಿಯ ಪದ “ಪಳಗಿಸೋದು” ನಮಗೆ ಹೆಚ್ಚು ಇಷ್ಟ ಆಯ್ತು, ಯಾಕಂದ್ರೆ ಅದರಲ್ಲಿ ತುಂಬಾ ಸಲ ಮಾಡಬೇಕು ಅನ್ನೋ ಅರ್ಥವೂ ಇದೆ. ಅಗಸೆ ಎಣ್ಣೆ ಬೇಗ ಪದರ ಕಟ್ಟುತ್ತೆ, ಸೂರ್ಯಕಾಂತಿ ಎಣ್ಣೆಯೂ ಆಗುತ್ತೆ. ತೆಳ್ಳಗೆ ಸವರಿ. ದಪ್ಪ ಬಳಿದರೆ ಅಂಟಂಟಾಗುತ್ತೆ. ಇದನ್ನ ಒಲೆ ಪೂರ್ತಿ ತಯಾರಾದ ಮೇಲೆ, ಒಳಭಾಗಕ್ಕೆಲ್ಲ ಮಾಡಬೇಕು. ಹೊರಗಡೆಗೆ ಶಾಖ ತಡೆಯೋ ಸಿಲಿಕೋನ್ ಅಲ್ಯೂಮಿನಿಯಂ ಪೇಂಟ್ ಸಿಗುತ್ತೆ, 600 ಡಿಗ್ರಿವರೆಗೆ ತಡೆಯುತ್ತೆ. ಮಾಮೂಲಿ ಎನಾಮಲ್ ಒಂದೇ ಬೆಂಕಿಗೆ ಸುಲಿದು ಹೋಗುತ್ತೆ.

ಅಳತೆ ಮತ್ತು ಕಟ್ಟಿಂಗ್

ಡ್ರಮ್ಮಿನ ಒಳವ್ಯಾಸ 57 ಸೆಂಮೀ, ಎತ್ತರ ಸುಮಾರು 88 ಸೆಂಮೀ, ತಗಡು 1 ಮಿಮೀ ಆಸುಪಾಸು. ಸುತ್ತಳತೆ 180 ಸೆಂಮೀ ಮೀರುತ್ತೆ. ಅದನ್ನ ಟೇಪಿನಲ್ಲಿ ಅಳೆದು ಭಾಗಿಸೋ ಬದಲು, ಒಂದು ಪೇಪರ್ ಪಟ್ಟಿಯನ್ನು ಡ್ರಮ್ಮಿಗೆ ಸುತ್ತಿ, ತುದಿ ಸೇರೋ ಕಡೆ ಕತ್ತರಿಸಿ, ಸರಿಯಾಗಿ ಅರ್ಧಕ್ಕೆ ಮಡಿಚಿ. ಮಡಿಕೆ ಇದ್ದಲ್ಲಿ ಎದುರಿನ ಗುರುತು ಬರುತ್ತೆ. ತುದಿಯಿಂದ ತುದಿಗೆ ನೇರ ಗೆರೆ ಎಳೆಯೋದು ಹೇಗೆ? ಒಂದು ಎಲ್ ಆಕಾರದ ಆ್ಯಂಗಲ್ ತುಂಡನ್ನು ಡ್ರಮ್ಮಿನ ಮೇಲೆ ಬೋರಲು ಹಾಕಿ. ಅದರ ಎರಡೂ ಅಂಚು ದುಂಡು ಮೈಗೆ ಕೂತ ಕೂಡಲೇ ಅದು ತಾನಾಗೇ ಡ್ರಮ್ಮಿನ ಅಕ್ಷಕ್ಕೆ ಸಮಾನಾಂತರವಾಗುತ್ತೆ. ಅದರ ಅಂಚಿಗೆ ಚಾಕ್‌ಪೀಸ್ ಓಡಿಸಿದರೆ ಮುಗೀತು. ಈ ಉಪಾಯ ಹೇಳಿಕೊಟ್ಟಿದ್ದು ವರ್ಕ್‌ಶಾಪಿನ ಫೋರ್‌ಮನ್ ಸರ್. ಯಾವ ಪುಸ್ತಕದಲ್ಲೂ ನಾವು ನೋಡಿರಲಿಲ್ಲ. ಡ್ರಮ್ಮಿನ ಮೈಯಲ್ಲಿ ಉದ್ದಕ್ಕೊಂದು ವೆಲ್ಡಿಂಗ್ ಜೋಡಣೆ ಇರುತ್ತೆ, ಅದು ಕಟ್ ಗೆರೆಗೆ ಬೀಳದಂತೆ ಗುರುತು ಹಾಕಿ.

ಈಗ ಕ್ರಮ ಮುಖ್ಯ. ಮೊದಲು ಗಾಳಿ ತೂತುಗಳನ್ನು ಕೊರೆಯಿರಿ, ಆಮೇಲೆ ಮುಚ್ಚಳ ಕೂರಿಸಿ ಸುತ್ತ ಎಂಟು ಕಡೆ ಟ್ಯಾಕ್ ವೆಲ್ಡ್ ಮಾಡಿ. ಹಾಗೆ ಮಾಡಿದರೆ ವೆಲ್ಡಿಂಗ್ ವೇಳೆಗೆ ಡ್ರಮ್ಮು ಯಾವತ್ತೂ ಮುಚ್ಚಿದ ಪಾತ್ರೆ ಆಗಿರೋದೇ ಇಲ್ಲ. ನಂತರ ಉದ್ದಕ್ಕೆ ಸೀಳೋದು.

ಆದರೆ ಪೂರ್ತಿ ಸೀಳಬೇಡಿ. ತಗಡನ್ನು ರೋಲ್ ಮಾಡಿ ದುಂಡಗೆ ಮಾಡಿದಾಗ ಅದರೊಳಗೆ ಒತ್ತಡ ಉಳಿದಿರುತ್ತೆ, ರೆಸಿಡ್ಯುಯಲ್ ಸ್ಟ್ರೆಸ್. ಕಟ್ ಆದ ಕೂಡಲೇ ಅಂಚು ಒಳಕ್ಕೋ ಹೊರಕ್ಕೋ ಚಿಮ್ಮುತ್ತೆ, ಆಮೇಲೆ ಮೇಲು ಕೆಳಗಿನ ಅರ್ಧಗಳು ಒಂದಕ್ಕೊಂದು ಕೂರಲ್ಲ. ಅದಕ್ಕೆ ಪ್ರತಿ ಗೆರೆಯಲ್ಲೂ ಎರಡು ಕಡೆ ಮೂರು ಸೆಂಮೀ ತುಂಡು ಬಿಟ್ಟು ಉಳಿದದ್ದನ್ನ ಕಟ್ ಮಾಡಿ. ಡ್ರಮ್ ಇನ್ನೂ ಒಂದೇ ತುಂಡಾಗಿ ನಿಂತಿರುವಾಗಲೇ ಹಿಂಭಾಗಕ್ಕೆ ಮೂರು ಕೀಲು ಕೂರಿಸಿ. ಕೆಳ ಅರ್ಧದ ಅಂಚಿಗೆ 25 ಮಿಮೀ ಅಗಲದ ಪಟ್ಟಿಯನ್ನು ಸುತ್ತ ಟ್ಯಾಕ್ ಮಾಡಿ. ಇದು ಅಂಚಿಗೆ ಬಲ ಕೊಡುತ್ತೆ, ಸಂದು ಮುಚ್ಚುತ್ತೆ, ಮುಖ್ಯವಾಗಿ ಬ್ಲೇಡಿನಂಥ ತಗಡಿನ ಅಂಚಿಂದ ಕೈ ಉಳಿಸುತ್ತೆ. ಇದೆಲ್ಲ ಆದಮೇಲೆ ಬಿಟ್ಟ ನಾಲ್ಕು ತುಂಡುಗಳನ್ನ ಕಡಿದರೆ ಮುಚ್ಚಳ ತಾನಿದ್ದ ಜಾಗದಲ್ಲೇ ಬಾಯಿ ತೆರೆಯುತ್ತೆ. ಆ ಕ್ಷಣ ನೋಡೋಕೆ ಚೆನ್ನಾಗಿರುತ್ತೆ.

ಗ್ರೈಂಡರ್ ಬಗ್ಗೆ ಒಂದೇ ಲೆಕ್ಕ. ನಾಲ್ಕು ಇಂಚಿನ ಡಿಸ್ಕು ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ 57 ಮೀಟರ್ ಮೀರುತ್ತೆ, ಅಂದರೆ ಗಂಟೆಗೆ 200 ಕಿಲೋಮೀಟರಿಗಿಂತ ಜಾಸ್ತಿ. ಡಿಸ್ಕ್ ಒಡೆದರೆ ಚೂರು ಹೊರಡೋದು ಆ ವೇಗದಲ್ಲಿ. ಗಾರ್ಡ್ ಬಿಚ್ಚಿ ಕೆಲಸ ಮಾಡೋ ಅಣ್ಣಂದಿರನ್ನ ಊರಲ್ಲಿ ಬೇಕಾದಷ್ಟು ನೋಡಿದ್ದೀವಿ. ನೀವು ಬಿಚ್ಚಬೇಡಿ. ಕನ್ನಡಕ, ಶೂ, ಮೈಗಂಟಿದ ಕಾಟನ್ ಬಟ್ಟೆ, ಎರಡೂ ಕೈ ಹಿಡಿಕೆಯ ಮೇಲೆ.

ತೂತು ಎಷ್ಟು?

ನಮಗೆ ಅತ್ಯಂತ ಇಷ್ಟವಾದ ಭಾಗ ಇದು. ಎಷ್ಟೋ ಜನ ಕಣ್ಣಂದಾಜಿಗೆ ತೂತು ಹೊಡೀತಾರೆ. ಒಲೆ ಹೊತ್ತಿಕೊಳ್ಳುತ್ತೆ, ಅದೇನೋ ನಿಜ. ಆದರೆ ಲೆಕ್ಕ ಸುಲಭ ಇರುವಾಗ ಅಂದಾಜು ಯಾಕೆ?

ಒಂದು ಕೆಜಿ ಒಳ್ಳೆ ಇದ್ದಿಲು ಸುಮಾರು 30 ಮೆಗಾಜೂಲ್ ಶಾಖ ಕೊಡುತ್ತೆ. ಗಂಟೆಗೆ ಒಂದು ಕೆಜಿ ಉರಿಸಿದರೆ 8 ಕಿಲೋವ್ಯಾಟಿಗೆ ಸ್ವಲ್ಪ ಜಾಸ್ತಿ, ನಾಲ್ಕು ಗೀಸರ್ ಒಟ್ಟಿಗೆ ಹಾಕಿದ ಹಾಗೆ. ಇದ್ದಿಲನ್ನು ಬರೀ ಇಂಗಾಲ ಅಂತ ಇಟ್ಟುಕೊಳ್ಳೋಣ. 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ ಬೇಕು. ಹಾಗಾಗಿ ಒಂದು ಕೆಜಿಗೆ 2.67 ಕೆಜಿ. ಗಾಳಿಯ ತೂಕದಲ್ಲಿ ಆಮ್ಲಜನಕ ಶೇಕಡಾ 23, ಅಂದರೆ ಬೇಕಾದ ಗಾಳಿ 11.6 ಕೆಜಿ. ಗಾತ್ರದಲ್ಲಿ ಹತ್ತು ಘನ ಮೀಟರ್. ಸೆಕೆಂಡಿಗೆ 2.8 ಲೀಟರ್.

ಈ ಗಾಳಿಯನ್ನ ಒಳಗೆ ಎಳೆಯೋದು ಯಾರು? ಫ್ಯಾನ್ ಇಲ್ಲ. ಚಿಮಣಿಯೇ ಎಳೀಬೇಕು. ಒಳಗಿನ ಗಾಳಿ 150 ಡಿಗ್ರಿ, ಹೊರಗೆ 27 ಡಿಗ್ರಿ ಅಂತಿಟ್ಟರೆ ಸಾಂದ್ರತೆ ಒಳಗೆ 0.83, ಹೊರಗೆ 1.18. ವ್ಯತ್ಯಾಸ 0.35 ಕೆಜಿ ಪ್ರತಿ ಘನ ಮೀಟರಿಗೆ. ಬಿಸಿ ಗಾಳಿಯ ಕಂಬ, ಕೆಂಡದಿಂದ ಚಿಮಣಿ ತುದಿವರೆಗೆ, 80 ಸೆಂಮೀ. ಗುಣಿಸಿದರೆ ಒತ್ತಡದ ವ್ಯತ್ಯಾಸ 2.7 ಪಾಸ್ಕಲ್. ಒಂದು ಪೇಪರ್ ಹಾಳೆಯ ತೂಕ ಅದರ ಮೇಜಿನ ಮೇಲೆ ಹಾಕೋ ಒತ್ತಡ ಒಂದು ಪಾಸ್ಕಲ್ ಹತ್ತಿರ ಇರುತ್ತೆ, ಅಂಥ ಮೂರು ಹಾಳೆಯಷ್ಟು ತಳ್ಳು. ಅಷ್ಟಕ್ಕೇ ಬರ್ನೂಲಿ ಪ್ರಕಾರ ಗಾಳಿ ಸೆಕೆಂಡಿಗೆ 2.1 ಮೀಟರ್ ವೇಗದಲ್ಲಿ ನುಗ್ಗುತ್ತೆ. ತೂತಿನ ಅಂಚಿನ ನಷ್ಟಕ್ಕೆ 0.6 ಗುಣಾಂಕ ಹಾಕಿದರೆ 1.3 ಮೀಟರ್. ಬೇಕಾದ ಗಾಳಿಯನ್ನ ಇದರಿಂದ ಭಾಗಿಸಿದರೆ ತೂತಿನ ಒಟ್ಟು ವಿಸ್ತೀರ್ಣ 22 ಚದರ ಸೆಂಮೀ.

ಇದು ಒಂದು ಅಣುವೂ ವ್ಯರ್ಥವಾಗದ ಲೆಕ್ಕ. ನಿಜದಲ್ಲಿ ಬಂದ ಆಮ್ಲಜನಕ ಎಲ್ಲಾ ಕೆಂಡಕ್ಕೆ ತಾಕಲ್ಲ, ಬೂದಿ ತೂತನ್ನ ಕಟ್ಟುತ್ತೆ, ಬೆಂಗಳೂರಿನಂಥ ಎತ್ತರದ ಊರಲ್ಲಿ ಗಾಳಿಯೂ ಶೇಕಡಾ ಹತ್ತರಷ್ಟು ತೆಳು. ಅದಕ್ಕೆ ಎರಡೂವರೆ ಪಟ್ಟು ಹಿಡಿದೆವು. 25 ಮಿಮೀ ವ್ಯಾಸದ ಒಂದು ತೂತು 4.9 ಚದರ ಸೆಂಮೀ, ಹನ್ನೆರಡು ತೂತಿಗೆ 59. ಇವು ಕೆಳ ಅರ್ಧದ ಒಂದು ಬದಿಯ ತಟ್ಟೆಯಲ್ಲಿ, ತಳದಿಂದ ಐದಾರು ಸೆಂಮೀ ಮೇಲೆ. ತಳದಲ್ಲೇ ಹೊಡೆದರೆ ಬೂದಿ ನೆಲಕ್ಕೆ ಸುರಿಯುತ್ತೆ. ತೂತುಗಳ ಮೇಲೆ ಜಾರೋ ತಗಡಿನ ಪಟ್ಟಿ ಇಟ್ಟರೆ ಅದೇ ಒಲೆಯ ರೆಗ್ಯುಲೇಟರ್. ಚಿಮಣಿಯನ್ನ ಎದುರು ಬದಿಗೆ, ಮುಚ್ಚಳದ ಮೇಲೆ ಕೂರಿಸಿ. 75 ಮಿಮೀ ಎಂಎಸ್ ಪೈಪ್ ತುಂಡು ಸಾಕು. ಗಾಳಿ ಒಂದು ಕಡೆಯಿಂದ ಬಂದು ಉದ್ದಕ್ಕೂ ಹರಿದು ಇನ್ನೊಂದು ಕಡೆ ಹೋಗಬೇಕು. ಎರಡೂ ಒಂದೇ ಬದಿಗಿಟ್ಟರೆ ಅರ್ಧ ಒಲೆ ಸುಮ್ಮನೆ ಕೂತಿರುತ್ತೆ. ಹಳೇ ಬೈಕಿನ ಸೈಲೆನ್ಸರ್ ಹಾಕೋಣ, ಸ್ಟೈಲಾಗಿರುತ್ತೆ ಅಂತ ನಮ್ಮಲ್ಲೂ ಒಂದು ಸಲಹೆ ಬಂತು. ಒಳಗಿನ ಮಸಿ ನೋಡಿ ಎಲ್ಲರೂ ಬೇಡ ಅಂದೆವು.

ಒಳಗೆ ಎರಡು ಜಾಳಿಗೆ ಬೇಕು. ಇದ್ದಿಲಿನದ್ದು ತಳದಿಂದ ಹತ್ತು ಸೆಂಮೀ ಮೇಲೆ, ದಪ್ಪ ಕಪ್ಪು ಎಕ್ಸ್‌ಪ್ಯಾಂಡೆಡ್ ಮೆಟಲ್. ತಿನ್ನೋದನ್ನ ಇಡೋ ಜಾಳಿಗೆ ಅದರಿಂದ ಹದಿನೈದು ಸೆಂಮೀ ಮೇಲೆ, 6 ಮಿಮೀ ಸ್ಟೇನ್‌ಲೆಸ್ ಕಂಬಿ, ಒಂದೂವರೆ ಸೆಂಮೀಗೆ ಒಂದು. ಫ್ರಿಜ್ಜಿನ ಹಳೇ ಜಾಳಿಗೆ ಸೈಜು ಸರಿ ಇದ್ದರೂ ಬೇಡ, ಅದರ ಲೇಪದ ಮೇಲೆ ನಂಬಿಕೆ ಇಲ್ಲ. ನಾವು ಮೇಲಿನ ಜಾಳಿಗೆಯನ್ನ ಎರಡು ತುಂಡಾಗಿ ಮಾಡಿ, ಒಂದಕ್ಕೆ ಹಸಿರು ದಾರ, ಇನ್ನೊಂದಕ್ಕೆ ಕೆಂಪು ದಾರ ಹಿಡಿಕೆಗೆ ಕಟ್ಟಿದ್ದೀವಿ. ವೆಜ್ಜು, ನಾನ್‌ವೆಜ್ಜು ಜಗಳ ಅಲ್ಲಿಗೇ ಮುಗೀತು. ಇಂಜಿನಿಯರಿಂಗ್ ದೃಷ್ಟಿಯಿಂದ ಇದಕ್ಕೆ ಮಹತ್ವ ಇಲ್ಲ, ಹಾಸ್ಟೆಲ್ ದೃಷ್ಟಿಯಿಂದ ಇದೇ ಮುಖ್ಯ.

ಕಾಲುಗಳ ವಿಷಯ ಬೇಗ ಮುಗಿಸ್ತೀವಿ, ಆದರೆ ಒಂದು ಮಾತು. ಮುಚ್ಚಳ ಸುಮಾರು ಹತ್ತು ಕೆಜಿ. ಅದರ ಗುರುತ್ವಕೇಂದ್ರ ಕಟ್ ಆದ ಸಮತಲದಿಂದ 17 ಸೆಂಮೀ ದೂರ. 90 ಡಿಗ್ರಿ ತೆರೆದಾಗ ಆ ಬಿಂದು ಕೀಲಿಗಿಂತ 17 ಸೆಂಮೀ ಹಿಂದಕ್ಕೆ, ಅಂದರೆ ಒಲೆಯ ನಡುಗೆರೆಯಿಂದ 45 ಸೆಂಮೀ ಹಿಂದೆ ಹೋಗುತ್ತೆ. ಉಳಿದ ಒಲೆ, ಸ್ಟ್ಯಾಂಡು ಸೇರಿ 20 ಕೆಜಿ ಆದರೆ ಒಟ್ಟು ಗುರುತ್ವಕೇಂದ್ರ 15 ಸೆಂಮೀ ಹಿಂದೆ ಜಾರುತ್ತೆ. ಹಿಂದಿನ ಕಾಲು ನಡುಗೆರೆಯಿಂದ 20 ಸೆಂಮೀ ಮಾತ್ರ ಇದ್ದರೆ ಯಾರಾದ್ರೂ ಸ್ವಲ್ಪ ತಾಕಿದರೂ ಕೆಂಡ ಸಮೇತ ಹಿಂದಕ್ಕೆ ಮಗುಚುತ್ತೆ. 35 ಸೆಂಮೀ ಇಡಿ, ಮುಚ್ಚಳ 90 ಡಿಗ್ರಿ ದಾಟದಂತೆ ಒಂದು ಚೈನ್ ಕಟ್ಟಿ. ಮುಚ್ಚಳದ ಹಿಡಿಕೆಗೆ ಮರ.

ಕೆಂಡ

ಇದ್ದಿಲಲ್ಲಿ ನಮಗೆ ತೆಂಗಿನ ಚಿಪ್ಪಿನದ್ದು ಮೆಚ್ಚುಗೆಯಾಯ್ತು. ಹೊತ್ತೋದು ನಿಧಾನ, ಆದರೆ ಕಿಡಿ ಸಿಡಿಯಲ್ಲ, ತುಂಬಾ ಹೊತ್ತು ನಿಲ್ಲುತ್ತೆ. ಹೊತ್ತಿಸೋಕೆ ಸೀಮೆಎಣ್ಣೆ, ಪೆಟ್ರೋಲ್ ಬೇಡವೇ ಬೇಡ. ತೆಂಗಿನ ನಾರು, ಒಣ ಗರಿ, ಎರಡು ಬಿಲ್ಲೆ ಕರ್ಪೂರ. ಬಚ್ಚಲ ಹಂಡೆ ಒಲೆ ಹಚ್ಚಿ ಗೊತ್ತಿರೋರು ಒಬ್ಬರಾದ್ರೂ ನಿಮ್ಮ ಗುಂಪಲ್ಲಿ ಇರ್ತಾರೆ, ಅವರ ಕೈಗೆ ಬಿಡಿ. ಅರ್ಧ ಗಂಟೆಯಲ್ಲಿ ಇದ್ದಿಲ ಮೇಲೆ ಬೂದು ಪದರ ಕಟ್ಟುತ್ತೆ, ಜ್ವಾಲೆ ಅಡಗುತ್ತೆ. ಆಗಲೇ ಅಡುಗೆ.

ಕೆಂಡದ ಶಾಖದ ದೊಡ್ಡ ಪಾಲು ವಿಕಿರಣವಾಗಿ ಬರುತ್ತೆ, ಅದು ಉಷ್ಣಾಂಶದ ನಾಲ್ಕನೇ ಘಾತಕ್ಕೆ ಸಮಾನುಪಾತ. 500 ಡಿಗ್ರಿಯ ಕೆಂಡ ಪ್ರತಿ ಚದರ ಮೀಟರಿಗೆ 20 ಕಿಲೋವ್ಯಾಟ್ ಸೂಸಿದರೆ 700 ಡಿಗ್ರಿಯದ್ದು 51. ಉಷ್ಣಾಂಶ ಒಂದೂವರೆ ಪಟ್ಟೂ ಆಗಿಲ್ಲ, ಶಾಖ ಎರಡೂವರೆ ಪಟ್ಟು. ಬೀಸಣಿಗೆಯಲ್ಲಿ ನಾಲ್ಕು ಸಲ ಬೀಸಿದ ಕೂಡಲೇ ಜೋಳ ಒಮ್ಮೆಲೇ ಕಪ್ಪಾಗೋದು ಇದಕ್ಕೇ. ಡ್ರಮ್ಮು ಉದ್ದಕ್ಕಿರೋದರ ಲಾಭ ಇಲ್ಲಿ ಬರುತ್ತೆ. ಕೆಂಡವನ್ನೆಲ್ಲ ಒಂದು ಬದಿಗೆ ತಳ್ಳಿ, ಇನ್ನೊಂದು ಬದಿ ಖಾಲಿ ಬಿಡಿ. ಜೋಳ, ಅನಾನಸ್, ಪನೀರ್ ಕೆಂಡದ ನೇರ ಮೇಲೆ. ಕೋಳಿ ಮೊದಲು ತಣ್ಣನೆ ಬದಿಯಲ್ಲಿ ಮುಚ್ಚಳ ಹಾಕಿ ಬೇಯಲಿ, ಕೊನೆಗೆ ಬಣ್ಣಕ್ಕೆ ಮಾತ್ರ ಕೆಂಡದ ಮೇಲೆ. ಒಳಗಿನ ಉಷ್ಣಾಂಶ 74 ಡಿಗ್ರಿ ಮುಟ್ಟಿರಬೇಕು. ನಮ್ಮ ಎಲೆಕ್ಟ್ರಾನಿಕ್ಸ್ ಹುಡುಗಿಯ ಥರ್ಮೋಕಪಲ್ ಇದಕ್ಕೇ ಬಂತು. ಗೆಣಸನ್ನ ಬೂದಿಯಲ್ಲಿ ಹೂತುಬಿಡಿ. ಉಳಿದ ಕೆಂಡಕ್ಕೆ ದುಂಡು ಬದನೆಕಾಯಿ ಹಾಕಿ, ಸಿಪ್ಪೆ ಸುಲಿದು ಹಸಿಮೆಣಸು ಹುಣಸೆ ಹಾಕಿದರೆ ಗೊಜ್ಜು. ನಮ್ಮ ಪ್ರಕಾರ ಈ ಒಲೆಯ ಅತ್ಯುತ್ತಮ ತಿಂಡಿ ಅದೇ, ಕೋಳಿಯವರು ಒಪ್ಪಲ್ಲ.

ಈಗ ಒಂದು ವಿಷಯ ದಯವಿಟ್ಟು ಓದಿ. ಮಳೆ ಬಂತು ಅಂತ ಈ ಒಲೆಯನ್ನ ಒಳಗೆ ಎಳೆಯಬೇಡಿ. ಚಳಿಗೆ ಉಳಿದ ಕೆಂಡವನ್ನ ಬಾಣಲೆಯಲ್ಲಿ ರೂಮಿಗೆ ತರಬೇಡಿ. ಗಾಳಿ ಕಡಿಮೆಯಾದಾಗ ಇಂಗಾಲದ ಡೈಆಕ್ಸೈಡ್ ಬಿಸಿ ಇಂಗಾಲದ ಮೇಲೆ ಹಾದು ಕಾರ್ಬನ್ ಮೊನಾಕ್ಸೈಡ್ ಆಗುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತೆ. ಬೂದಿ ಮುಚ್ಚಿ ಆರಿದಂತೆ ಕಾಣೋ ಕೆಂಡವೂ ಇದನ್ನ ಬಿಡ್ತಾನೇ ಇರುತ್ತೆ. ಮೂರು ಮೀಟರ್ ಉದ್ದ, ಅಗಲ, ಎತ್ತರದ ರೂಮು, ಕಿಟಕಿ ಬಾಗಿಲು ಮುಚ್ಚಿದೆ ಅಂದುಕೊಳ್ಳಿ. 100 ಗ್ರಾಂ ಇದ್ದಿಲು, ಅಂದರೆ ಒಂದು ಮುಷ್ಟಿ. ಅದರ ಹತ್ತರಲ್ಲಿ ಒಂದು ಪಾಲು ಇಂಗಾಲ ಮಾತ್ರ ಮೊನಾಕ್ಸೈಡ್ ಆಯ್ತು ಅಂತಿಟ್ಟರೂ 20 ಲೀಟರ್ ಅನಿಲ. 27,000 ಲೀಟರಿನ ರೂಮಿಗೆ ಅದು ಹತ್ತು ಲಕ್ಷಕ್ಕೆ 750 ಪಾಲು. ಅಷ್ಟಿದ್ದರೆ ಒಂದು ಗಂಟೆಯೊಳಗೆ ತಲೆನೋವು, ವಾಕರಿಕೆ. ಎರಡು ಮೂರು ಗಂಟೆಯಲ್ಲಿ ಪ್ರಜ್ಞೆ ತಪ್ಪಬಹುದು, ಜೀವವೇ ಹೋಗಬಹುದು. ಮಲಗಿದ್ದವರಿಗೆ ತಲೆನೋವೂ ಗೊತ್ತಾಗಲ್ಲ. ಲೆಕ್ಕ ಹಾಕಿದ ದಿನ ನಾವು ಐದೂ ಜನ ಸ್ವಲ್ಪ ಹೊತ್ತು ಸುಮ್ಮನಿದ್ದೆವು, ಯಾಕಂದ್ರೆ ಡಿಸೆಂಬರಿನ ಚಳಿಗೆ ಹೀಗೆ ಮಾಡೋಣ ಅನ್ನೋ ಮಾತು ನಮ್ಮ ಫ್ಲೋರಿನಲ್ಲಿ ಆಗಲೇ ಬಂದಿತ್ತು. ಈಗ ಒಲೆ ವರ್ಕ್‌ಶಾಪಿನ ಹಿಂದಿನ ಬಯಲಲ್ಲಿದೆ, ಸ್ಟ್ಯಾಂಡಿಗೆ ಚೈನ್ ಹಾಕಿ ಬೀಗ. ಕೀಲಿ ಫೋರ್‌ಮನ್ ಸರ್ ಹತ್ತಿರ.

ಅಡುಗೆ ಮುಗಿದ ಮೇಲೆ ಗಾಳಿ ತೂತು, ಚಿಮಣಿ ಎರಡನ್ನೂ ಮುಚ್ಚಿದರೆ ಕೆಂಡ ತಾನೇ ಆರುತ್ತೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತೆ. ಬೂದಿಯನ್ನ ಮಾರನೇ ದಿನ ಸಂಜೆಗೆ ತೆಗೆಯಿರಿ, ಅದೂ ತಗಡಿನ ಡಬ್ಬಿಗೆ. ಪ್ಲಾಸ್ಟಿಕ್ ಡಸ್ಟ್‌ಬಿನ್ನಿಗೆ ಅಲ್ಲ. ಆದರೆ ತೆಗೆಯೋದನ್ನ ವಾರಗಟ್ಟಲೆ ಮುಂದೂಡಬೇಡಿ, ಬೂದಿಯಲ್ಲಿರೋ ಪೊಟ್ಯಾಶಿಯಂ ಲವಣಗಳು ಗಾಳಿಯ ತೇವ ಹೀರಿಕೊಂಡು ತಳದ ತಗಡನ್ನ ತುಕ್ಕು ಹಿಡಿಸ್ತವೆ. 1 ಮಿಮೀ ತಗಡು ಮಳೆಗಾಲದಲ್ಲಿ ನೆನೆದ ಬೂದಿ ಹೊತ್ತು ಕೂತರೆ ಬೇಗ ತೂತು ಬೀಳುತ್ತೆ. ಖಾಲಿ ಮಾಡಿ, ಒಳಗೆ ತೆಳ್ಳಗೆ ಎಣ್ಣೆ ಸವರಿ, ಮುಚ್ಚಳ ಹಾಕಿ, ಮೇಲೊಂದು ಟಾರ್ಪಾಲ್ ಕಟ್ಟಿಡಿ. ಬೂದಿ ಬೇಕಿದ್ದರೆ ಮೆಸ್ಸಿನ ಆಂಟಿಯನ್ನ ಕೇಳಿ, ದೊಡ್ಡ ಪಾತ್ರೆಗಳ ತಳ ತಿಕ್ಕೋಕೆ ಅವರು ಒಂದು ಡಬ್ಬಿ ಇಸ್ಕೊಳ್ತಾರೆ.